ಯಾರಿಗೂ ಪೂರ್ತಿ ದಾರಿ ಗೊತ್ತಿಲ್ಲ, ಆದರೂ ಫೈಲ್ ಸಿಗುತ್ತದೆ ಹೇಗೆ?

ಪ್ರಶ್ನೆ: ಹೆಸರು ಹೇಳದೆ ಫೈಲ್ ಹಂಚಿಕೊಳ್ಳುವ ನೆಟ್‌ವರ್ಕ್ ಫ್ರೀನೆಟ್‌ನಲ್ಲಿ ಸರ್ವರ್ ಇಲ್ಲ. ನಮ್ಮ ಕಂಪ್ಯೂಟರ್ ಪರಿಚಯದವರ ನಾಲ್ಕೈದು ಕಂಪ್ಯೂಟರ್‌ಗಳ ಜೊತೆ ಮಾತ್ರ ಮಾತಾಡುವ ಹಾಗೂ ಇಟ್ಟುಕೊಳ್ಳಬಹುದಂತೆ. ಹಾಗಾದರೆ ಗುರುತೇ ಇಲ್ಲದವರ ಹತ್ತಿರ ಇರುವ ಫೈಲ್ ನನಗೆ ಹೇಗೆ ಸಿಗುತ್ತದೆ? ಕೇಳಿದ್ದು ನಾನೇ ಅಂತ ಗೊತ್ತಾಗಲ್ವಾ?

ಉತ್ತರ: ನಿಮ್ಮ ಮೊದಲ ಪ್ರಶ್ನೆ ನನಗೆ ತುಂಬಾ ಇಷ್ಟವಾದದ್ದು. ಅದರ ಬೇರು ಕಂಪ್ಯೂಟರ್‌ನಲ್ಲಿಲ್ಲ, ಕಾಗದದಲ್ಲಿದೆ.

1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಮಾಡಿದರು. ಬಾಸ್ಟನ್‌ನ ಒಬ್ಬ ಷೇರು ದಲ್ಲಾಳಿಗೆ ಕಾಗದ ಮುಟ್ಟಬೇಕು. ಆದರೆ ನೇರವಾಗಿ ಕಳಿಸುವ ಹಾಗಿಲ್ಲ, ಪರಿಚಯದವರ ಕೈಯಿಂದ ಕೈಗೇ ಹೋಗಬೇಕು. ಒಂದು ಸುತ್ತಿನಲ್ಲಿ 296 ಜನರಿಂದ ಶುರುವಾಗಿ 64 ಕಾಗದಗಳು ಮುಟ್ಟಿದವು. ನಡುವೆ ಇದ್ದದ್ದು ಸರಾಸರಿ ಐದು ಜನ. ದಾರಿ ಚಿಕ್ಕದು ಅನ್ನುವುದನ್ನೇ ಎಲ್ಲರೂ ನೆನಪಿಟ್ಟುಕೊಂಡರು. ಪೂರ್ತಿ ದಾರಿ ಗೊತ್ತಿಲ್ಲದ ಜನ ಅದನ್ನು ಹುಡುಕಿಕೊಂಡರಲ್ಲ, ನನಗೆ ಅದೇ ದೊಡ್ಡ ವಿಷಯ.

2000ದಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಕ್ಲೈನ್‌ಬರ್ಗ್ ಅದಕ್ಕೆ ಗಣಿತದ ಉತ್ತರ ಕೊಟ್ಟರು. ಹತ್ತಿರದ ಪರಿಚಯ ಜಾಸ್ತಿ, ದೂರ ಹೋದಂತೆ ಕಡಿಮೆ, ಅದೂ ಸರಿಯಾದ ಪ್ರಮಾಣದಲ್ಲಿ ಇರಬೇಕು. ದೂರದ ಪರಿಚಯಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿದ್ದರೆ ಚಿಕ್ಕ ದಾರಿ ಇರುತ್ತದೆ, ಆದರೆ ಯಾರಿಗೂ ಕಾಣಿಸುವುದಿಲ್ಲ.

ಇಯಾನ್ ಕ್ಲಾರ್ಕ್ ಎಡಿನ್‌ಬರೋದಲ್ಲಿ ಓದುವಾಗ ಹುಟ್ಟಿದ ಫ್ರೀನೆಟ್ ಈಗ ಕೆಲಸ ಮಾಡುವುದು ಹೀಗೆ. ಪ್ರತಿ ಕಂಪ್ಯೂಟರ್‌ಗೂ 0 ಮತ್ತು 1ರ ನಡುವಿನ ಒಂದು ಸಂಖ್ಯೆ ಇರುತ್ತದೆ, ಬಳೆಯ ಮೇಲಿನ ಒಂದು ಚುಕ್ಕೆಯ ಹಾಗೆ. ಪ್ರತಿ ಫೈಲಿಗೂ ಅಂಥದ್ದೇ ಸಂಖ್ಯೆ, ಫೈಲ್ ಇರುವುದು ಆ ಸಂಖ್ಯೆಗೆ ಹತ್ತಿರದ ಕಂಪ್ಯೂಟರ್‌ಗಳಲ್ಲಿ. ನಿಮಗೆ 0.80ರ ಫೈಲ್ ಬೇಕು, ನಿಮ್ಮ ಸ್ನೇಹಿತರು 0.40, 0.45, 0.71ರಲ್ಲಿದ್ದಾರೆ ಅನ್ನಿ. ನಿಮ್ಮ ಕಂಪ್ಯೂಟರ್ 0.71ರವರನ್ನು ಕೇಳುತ್ತದೆ. ಅವರು ಇನ್ನೂ ಹತ್ತಿರದವರನ್ನು ಕೇಳುತ್ತಾರೆ.

ಆದರೆ ಬರೀ ಸ್ನೇಹಿತರ ನೆಟ್‌ವರ್ಕ್‌ನಲ್ಲಿ ಯಾರಿಗೆ ಯಾವ ಸಂಖ್ಯೆ ಅಂತ ಯಾರು ಹಂಚುವುದು? ಇದನ್ನು ಬಿಡಿಸಿದವರು ಸ್ವೀಡನ್ನಿನ ಗಣಿತಜ್ಞ ಆಸ್ಕರ್ ಸ್ಯಾಂಡ್‌ಬರ್ಗ್. ಮೊದಲು ಸುಮ್ನೆ ಒಂದು ಸಂಖ್ಯೆ ತೆಗೆದುಕೊಳ್ಳಿ, ಆಮೇಲೆ ಅದಲುಬದಲು ಮಾಡಿಕೊಳ್ಳಿ ಎಂದರು. ನಾನು 0.10ರಲ್ಲಿದ್ದೇನೆ, ನನ್ನವರು 0.85 ಮತ್ತು 0.95ರಲ್ಲಿ. ನೀವು 0.90ರಲ್ಲಿ, ನಿಮ್ಮವರು 0.05 ಮತ್ತು 0.15ರಲ್ಲಿ. ನಾವಿಬ್ಬರೂ ಜಾಗ ಬದಲಿಸಿಕೊಂಡರೆ ತಂತಮ್ಮವರ ನಡುವೆ ಬಂದು ಕೂರುತ್ತೇವೆ. ಸ್ನೇಹಿತರು ಯಾರೂ ಬದಲಾಗಲಿಲ್ಲ, ಸಂಖ್ಯೆ ಮಾತ್ರ ಬದಲಾಯಿತು. ಇದು ಸಾವಿರಾರು ಸಲ ನಡೆದರೆ ನಿಜವಾದ ಸ್ನೇಹದಲ್ಲಿ ಅಡಗಿರುವ ಆಕಾರ ಬಳೆಯ ಮೇಲೆ ತಾನಾಗಿ ಮೂಡುತ್ತದೆ. ಎಷ್ಟು ಚೆಂದದ ಯೋಚನೆ ಅಲ್ವಾ!

ಇದಕ್ಕೂ ಪೆಟ್ಟು ಬಿದ್ದಿದೆ. ಅದಲುಬದಲಿನಲ್ಲಿ ಸುಳ್ಳು ಹೇಳುವ ಕೆಲವೇ ಕಂಪ್ಯೂಟರ್‌ಗಳು ಎಲ್ಲರ ಸಂಖ್ಯೆಗಳನ್ನೂ ಒಂದೆರಡು ಕಡೆ ಗುಡ್ಡೆ ಹಾಕಿಬಿಡಬಹುದು ಅಂತ 2007ರಲ್ಲಿ ಸಂಶೋಧಕರು ತೋರಿಸಿದರು.

ಇನ್ನು ಗುಟ್ಟಿನ ವಿಷಯ. ನಿಮ್ಮಿಂದ ಬಂದ ಕೋರಿಕೆ ನಿಮ್ಮದೇ ಇರಬಹುದು, ಬೇರೆಯವರದ್ದನ್ನು ನೀವು ದಾಟಿಸಿದ್ದೂ ಇರಬಹುದು. ಪಕ್ಕದವರಿಗೆ ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೆ ತುಂಬಾ ಕೋರಿಕೆಗಳನ್ನು ಎಣಿಸುತ್ತಾ ಕೂತವರು ಅಂದಾಜು ಕಟ್ಟಬಹುದು. ಹಾಗಾಗಿ ಪೂರ್ತಿ ಸುರಕ್ಷಿತ ಅಂತ ನಾನು ಹೇಳುವುದಿಲ್ಲ. ಹಾಕಿಕೊಳ್ಳುವುದಾದರೆ ಹೈಫಾನೆಟ್ ಅಂತ ಹುಡುಕಿ, 2023ರಿಂದ ಈ ಫ್ರೀನೆಟ್‌ಗೆ ಆ ಹೆಸರು. ಸ್ನೇಹಿತರ ಪಟ್ಟಿಗೆ ನಿಜವಾಗಿ ಗೊತ್ತಿರುವವರನ್ನೇ ಸೇರಿಸಿ. ಪಕ್ಕದಲ್ಲಿ ಕೂತು ಎಣಿಸುವ ಅವಕಾಶ ಸಿಗುವುದು ಅವರಿಗೇ.