ಹೆಬ್ಬೆರಳ ಬುಡದ ಮೂಳೆ ತೆಗೆದ್ರೆ ಬೆರಳು ಜೋತು ಬೀಳುತ್ತಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 57 ವರ್ಷ, ಮನೇಲೇ ಬ್ಲೌಸ್ ಹೊಲಿತೀನಿ. ಎರಡು ವರ್ಷದಿಂದ ಬಲಗೈ ಹೆಬ್ಬೆರಳ ಬುಡದಲ್ಲಿ ನೋವು, ಮೊದ್ಲು ಕತ್ತರಿ ಹಿಡಿದಾಗ ಮಾತ್ರ ಇತ್ತು ಈಗ ಬೀಗದ ಕೈ ತಿರುಗಿಸೋಕೂ ಆಗ್ತಿಲ್ಲ, ಒದ್ದೆ ಬಟ್ಟೆ ಹಿಂಡೋಕೆ ಮಗಳನ್ನ ಕರೀಬೇಕು. ಬೆರಳು ಅಲುಗದ ಹಾಗೆ ಸ್ಪ್ಲಿಂಟ್ ಹಾಕ್ಕೊಂಡು ನೋಡಿದೆ. ಸ್ಟೀರಾಯ್ಡ್ ಇಂಜೆಕ್ಷನ್ ಎರಡಾಯ್ತು, ಮೊದಲನೇದು ನಾಲ್ಕು ತಿಂಗಳು ತಡೀತು, ಎರಡನೇದು ಹದಿನೈದು ದಿನಾನೂ ಇಲ್ಲ. ಈಗ ಆಪರೇಷನ್ ಮಾಡಿ ಒಂದು ಮೂಳೆ ತೆಗೀಬೇಕು ಅಂತಿದಾರೆ. ಮೂಳೆನೇ ತೆಗೆದ್ರೆ ಬೆರಳು ಜೋತು ಬೀಳಲ್ವಾ? ಮತ್ತೆ ಮಷೀನ್ ಮುಂದೆ ಕೂರಕ್ಕಾಗುತ್ತಾ? ರಾತ್ರಿ ಹೊತ್ತು ಬೆರಳುಗಳು ಜೋಮು ಬೇರೆ ಹಿಡಿಯುತ್ತೆ.

ಉತ್ತರ: ಇಲ್ಲಮ್ಮ, ಜೋತು ಬೀಳಲ್ಲ. ನಿಮ್ಮ ಭಯ ಸಹಜವೇ, ಮೂಳೆ ತೆಗೀತೀವಿ ಅಂದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ.

ಮಣಿಕಟ್ಟಲ್ಲಿ 8 ಸಣ್ಣ ಮೂಳೆ ಇರ್ತಾವೆ, ಅದರಲ್ಲಿ ಟ್ರಪೀಜಿಯಂ ಅನ್ನೋದು ಸಣ್ಣ ಅಡಿಕೆಯಷ್ಟಿರುತ್ತೆ, ಅದರ ಮೇಲೆ ಹೆಬ್ಬೆರಳ ಮೂಳೆ ಕುದುರೆ ಮೇಲೆ ಜೀನು ಕೂತ ಹಾಗೆ ಕೂತಿರುತ್ತೆ, ಅದಕ್ಕೇ ಹೆಬ್ಬೆರಳು ಎಲ್ಲಾ ಕಡೆ ತಿರುಗೋದು. ಆದ್ರೆ ಬೆರಳ ತುದೀಲಿ ನೀವು 1 ಕೆಜಿ ಬಲ ಹಾಕಿ ಚಿವುಟಿದ್ರೆ ಬುಡದ ಕೀಲಿನ ಮೇಲೆ ಸುಮಾರು 12 ಕೆಜಿ ಭಾರ ಬೀಳುತ್ತೆ. ವರ್ಷಗಟ್ಟಲೆ ಕತ್ತರಿ, ಸೂಜಿ, ಚಪಾತಿ ಹಿಟ್ಟು ಅಂತ ದುಡಿದ ಕೈ ನಿಮ್ಮದು. ಕೀಲಿನ ಮೂಳೆಗಳ ನಡುವಿನ ಮೆತ್ತೆ ಸವೆದು ಮೂಳೆಗೆ ಮೂಳೆ ಉಜ್ಜುತ್ತೆ, ನೋವು ಅಲ್ಲಿಂದಲೇ.

ಆಪರೇಷನ್‌ನಲ್ಲಿ ಆ ಟ್ರಪೀಜಿಯಂ ತೆಗೆದುಬಿಡ್ತಾರೆ, ಉಜ್ಜೋಕೆ ಜೊತೆ ಮೂಳೆನೇ ಇರಲ್ಲ. ಖಾಲಿ ಜಾಗದಲ್ಲಿ ನಿಧಾನಕ್ಕೆ ಗಟ್ಟಿ ನಾರಿನ ಅಂಗಾಂಶ ತುಂಬ್ಕೊಂಡು ಬೆರಳನ್ನ ಹಿಡಿದಿಡುತ್ತೆ. ಇದು ಹೊಸ ಪ್ರಯೋಗ ಏನಲ್ಲ, ಬ್ರಿಟನ್ನಲ್ಲಿ ಗರ್ವಿಸ್ ಅನ್ನೋ ಸರ್ಜನ್ 1949ರಲ್ಲೇ ಇದರ ಬಗ್ಗೆ ಬರೆದಿದ್ರು. ಆಮೇಲೆ ಮುಂಗೈಯಿಂದ ಒಂದು ಸ್ನಾಯುರಜ್ಜು, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ನಾರು, ತಗೊಂಡು, ಅದನ್ನ ಸುರುಳಿ ಸುತ್ತಿ ಆ ಜಾಗಕ್ಕೆ ತುಂಬೋ ಪದ್ಧತಿನೂ ಬಂತು. ಅದೇ ಮೇಲು ಅಂತ ಕೆಲವರು ಹೇಳ್ತಾರೆ, ಆದ್ರೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ನೋವು, ಬಲ ಎರಡರಲ್ಲೂ ದೊಡ್ಡ ವ್ಯತ್ಯಾಸ ಕಂಡಿಲ್ಲ. ನನ್ನ ಕೇಳಿದ್ರೆ ನಿಮ್ಮ ಸರ್ಜನ್ ಕೈ ಯಾವುದರಲ್ಲಿ ಪಳಗಿದೆಯೋ ಅದನ್ನೇ ಮಾಡಿಸ್ಕೊಳ್ಳಿ. ಕೀಲನ್ನ ಪೂರ್ತಿ ಬೆಸೆದುಬಿಡೋ ಆಪರೇಷನ್ ಕೂಡ ಇದೆ, ಅದು ಜಾಸ್ತಿ ಭಾರದ ಕೆಲಸ ಮಾಡೋ ಚಿಕ್ಕ ವಯಸ್ಸಿನವರಿಗೆ, ನಿಮಗೆ ಬೇಡ, ಅಂಗೈ ಚಪ್ಪಟೆಯಾಗಿ ಬಟ್ಟೆ ಮೇಲೆ ಇಡೋಕೇ ಕಷ್ಟ ಆಗುತ್ತೆ.

ಈಗ ನಿಜ ಹೇಳ್ತೀನಿ. ಇದು ಬೇಗ ವಾಸಿ ಆಗೋದಲ್ಲ. 4ರಿಂದ 6 ವಾರ ಪ್ಲಾಸ್ಟರ್ ಅಥವಾ ಸ್ಪ್ಲಿಂಟ್, ಆಮೇಲೆ ಫಿಸಿಯೋಥೆರಪಿ, ಹಗುರ ಕೆಲಸಕ್ಕೆ ಎರಡು ಮೂರು ತಿಂಗಳು, ಕತ್ತರಿಗೆ ಬಲ ಬರೋಕೆ ಆರು ತಿಂಗಳಿಂದ ಒಂದು ವರ್ಷ. ಬಲಗೈ ಆಗಿರೋದ್ರಿಂದ ಜಡೆ ಹಾಕ್ಕೊಳ್ಳೋಕೂ ಯಾರಾದ್ರೂ ಜೊತೆಗಿರಬೇಕು, ಅದಕ್ಕೆ ಮದುವೆ ಸೀಸನ್ ಆರ್ಡರ್ ಮುಗಿಸ್ಕೊಂಡೇ ಡೇಟ್ ತಗೊಳ್ಳಿ. ಬೆರಳು ಒಂಚೂರು ಗಿಡ್ಡ ಆಗುತ್ತೆ. ಹೆಬ್ಬೆರಳ ಹಿಂಭಾಗದಲ್ಲಿ ಓಡೋ ಸಣ್ಣ ನರಕ್ಕೆ ಪೆಟ್ಟಾದ್ರೆ ಚರ್ಮ ಮರಗಟ್ಟಬಹುದು, ಅಪರೂಪಕ್ಕೆ ಕೈಯೆಲ್ಲಾ ಊದಿ ಉರಿ ಬಂದು ತಿಂಗಳುಗಟ್ಟಲೆ ಕಾಡೋದೂ ಉಂಟು. ಇದನ್ನೆಲ್ಲಾ ದಾಟಿ ಬಂದ ಮೇಲೆ ನೋವು ಹೋಯ್ತು ಅಂತಲೇ ಹೆಚ್ಚಿನವರು ಹೇಳೋದು, ಮಷೀನ್ ಮುಂದೆ ನೀವೂ ಕೂರಬಹುದು.

ಎಕ್ಸ್‌ರೇ ನೋಡಿ ಮಾತ್ರ ಹೆದರಬೇಡಿ, ಚಿತ್ರ ಕೆಟ್ಟದಾಗಿದ್ರೂ ನೋವಿಲ್ಲದವರು ಎಷ್ಟೋ ಜನ ಇದಾರೆ, ಅವರಿಗೆ ಆಪರೇಷನ್ ಬೇಕಿಲ್ಲ. ನಿಮಗೆ ಸ್ಪ್ಲಿಂಟ್, ಇಂಜೆಕ್ಷನ್ ಎಲ್ಲಾ ಸೋತಿವೆ, ಕೆಲಸ ನಿಂತಿದೆ, ಅದಕ್ಕೆ ಯೋಚನೆ ಮಾಡೋ ಸಮಯ ಬಂದಿದೆ ಅಂತೀನಿ.

ಇನ್ನು ಆ ರಾತ್ರಿ ಜೋಮು. ಅದು ಕೀಲು ಸವೆತದ್ದಲ್ಲ, ಮಣಿಕಟ್ಟಲ್ಲಿ ನರ ಒತ್ತಿಕೊಳ್ಳೋ ಕಾರ್ಪಲ್ ಟನಲ್ ಇರಬಹುದು, ಈ ಎರಡೂ ಒಟ್ಟಿಗೇ ಬರೋದು ಸಾಮಾನ್ಯ. ಆಪರೇಷನ್‌ಗೆ ಮುಂಚೆ ಸರ್ಜನ್‌ಗೆ ಇದನ್ನ ತಪ್ಪದೆ ಹೇಳಿ, ನರದ ಟೆಸ್ಟ್ ಮಾಡಿಸಿ ಬೇಕಿದ್ರೆ ಒಂದೇ ಸಲಕ್ಕೆ ಎರಡನ್ನೂ ಮುಗಿಸ್ತಾರೆ.