ಕೂಪೆಗೆ 19 ಇಂಚಿನ ಚಕ್ರವೇ ಬೇಕೆ?

ಪ್ರಶ್ನೆ: ನನ್ನದು ಎರಡು ಬಾಗಿಲಿನ, ಹಿಂಬದಿ ಚಕ್ರಗಳಿಂದ ಓಡುವ ಪರ್ಫಾರ್ಮೆನ್ಸ್ ಕೂಪೆ. ಕಂಪನಿಯಿಂದ ಬಂದಿರುವುದು 17 ಇಂಚಿನ, 7.5ಜೆ ಅಗಲದ (ಅಂದರೆ 7.5 ಇಂಚು; ಜೆ ಎಂಬುದು ರಿಮ್ಮಿನ ಅಂಚಿನ ಆಕಾರದ ಗುರುತು), 48 ಆಫ್‌ಸೆಟ್‌ನ ಚಕ್ರ. ಅದರ ಮೇಲೆ 215/45 ಆರ್17 ಟೈರ್. ಮಡ್‌ಗಾರ್ಡ್‌ನೊಳಗೆ ಚಕ್ರ ಚಿಕ್ಕದಾಗಿ, ಒಳಕ್ಕೆ ಸರಿದಂತೆ ಕಾಣುತ್ತದೆ. 19 ಇಂಚಿನ, 8.5ಜೆ ಅಗಲದ, 35 ಆಫ್‌ಸೆಟ್‌ನ ಅಲಾಯ್ ಚಕ್ರಕ್ಕೆ 245/35 ಟೈರ್ ಹಾಕಿಸಿದರೆ ನೋಟವೂ ಹಿಡಿತವೂ ಹೆಚ್ಚುತ್ತವೆ ಎಂದು ಮಾರುವವರು ಹೇಳುತ್ತಿದ್ದಾರೆ. ಒಪ್ಪಬಹುದೆ?

ಉತ್ತರ: ಈ ಜೋಡಿಯನ್ನು ಒಪ್ಪಬೇಡಿ. ಕಾರಣ ಟೈರಿನ ಮೇಲೆ ಬರೆದಿರುವ ಅಂಕಿಗಳಲ್ಲೇ ಇದೆ. 215 ಎಂಬುದು ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 45 ಎಂದರೆ ಆ ಅಗಲದ ಶೇ. 45ರಷ್ಟು ಸೈಡ್‌ವಾಲ್‌ನ, ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ, ಅಂದರೆ ಸುಮಾರು 97 ಮಿ.ಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿ, ರಿಮ್ಮಿನ 17 ಇಂಚನ್ನು ಕೂಡಿದರೆ ಈಗಿನ ಟೈರಿನ ಒಟ್ಟು ವ್ಯಾಸ 625 ಮಿ.ಮೀ. ಆಗುತ್ತದೆ. ಅದೇ ಲೆಕ್ಕದಲ್ಲಿ 245/35 ಆರ್19 ಟೈರಿನದು 654 ಮಿ.ಮೀ.; ಹೆಚ್ಚಳ ಶೇ. 4.6. ಚಕ್ರ ಒಂದು ಸುತ್ತು ಸುತ್ತಿದಾಗ ಕಾರು ಅಷ್ಟೂ ಹೆಚ್ಚು ದೂರ ಸಾಗುವುದರಿಂದ ಸ್ಪೀಡೋಮೀಟರ್ ತೋರಿಸುವ ವೇಗ ಅದೇ ಪ್ರಮಾಣದಲ್ಲಿ ಹಿಂದೆ ಬೀಳುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಆದ್ದರಿಂದಲೇ ತಯಾರಕರು ಅದನ್ನು ಕೊಂಚ ಹೆಚ್ಚು ತೋರಿಸುವಂತೆ ಹೊಂದಿಸಿರುತ್ತಾರೆ. ಆ ಕೊಂಚವನ್ನು ನಿಮ್ಮ ಹೊಸ ಟೈರ್ ತಿಂದುಹಾಕುತ್ತದೆ. ಗೇರುಗಳೂ ಶೇ. 4.6ರಷ್ಟು ಉದ್ದವಾದಂತಾಗಿ ಕಾರಿನ ಚುರುಕು ಕುಗ್ಗುತ್ತದೆ. ಜೊತೆಗೆ ಕಾರು ನೆಲದಿಂದ 14 ಮಿ.ಮೀ. ಮೇಲೆದ್ದು ನಿಲ್ಲುತ್ತದೆ, ತಗ್ಗಾಗಿ ಕಾಣಲೆಂದು ಹಣ ಸುರಿದವರಿಗೆ ಇದು ನಗು ತರಿಸುವ ಸಂಗತಿಯೇನಲ್ಲ.

ಮೂಲ ವ್ಯಾಸಕ್ಕಿಂತ ಶೇ. 2ರಷ್ಟರ ವ್ಯತ್ಯಾಸದೊಳಗೆ ಉಳಿಯುವುದು ನನ್ನ ಪದ್ಧತಿ. 18 ಇಂಚಿನ ಚಕ್ರಕ್ಕೆ 215/40 ಹಾಕಿದರೆ ವ್ಯಾಸ 629 ಮಿ.ಮೀ., 225/40 ಹಾಕಿದರೆ 637 ಮಿ.ಮೀ.; ಎರಡೂ ಆ ಮಿತಿಯೊಳಗೇ ಇವೆ. 19ಕ್ಕೆ ಹೋಗಲೇಬೇಕೆಂದರೆ 225/35 ಟೈರ್ 640 ಮಿ.ಮೀ.ಗೆ ನಿಲ್ಲುತ್ತದಾದರೂ ಸೈಡ್‌ವಾಲ್ 97ರಿಂದ 79 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಯುವುದು ಆ ರಬ್ಬರಿನ ಗೋಡೆ ಮತ್ತು ಅದರೊಳಗಿನ ಗಾಳಿ. ಅದು ತೆಳುವಾದಷ್ಟೂ ರಿಮ್ಮಿನ ಅಂಚು ಬಾಗುವ, ಟೈರಿನೊಳಗಿನ ದಾರಗಳು ತುಂಡಾಗಿ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಏಳುವ ಸಂಭವ ಹೆಚ್ಚು. ಹಾಗೆ ಉಬ್ಬಿದ ಟೈರಿಗೆ ರಿಪೇರಿಯಿಲ್ಲ, ಬಿಸಾಡಬೇಕು.

ಇನ್ನು ಆಫ್‌ಸೆಟ್. ಹೆಚ್ಚಿನವರು ಇಂಚು ನೋಡಿ ಚಕ್ರ ಕೊಳ್ಳುತ್ತಾರೆ, ಅವರನ್ನು ಕಾಡುವುದು ಮಾತ್ರ ಆಫ್‌ಸೆಟ್. ಚಕ್ರವನ್ನು ಬಿಗಿಸುವ ಕಾರಿನ ಭಾಗವಾದ ಹಬ್‌ಗೆ ಚಕ್ರ ಕೂರುವ ಮುಖವು ಚಕ್ರದ ಅಗಲದ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆ ಅದು. ಅಂಕಿ ಕಡಿಮೆಯಾದಂತೆ ಚಕ್ರ ಹೊರಕ್ಕೆ ಬರುತ್ತದೆ. ನಿಮಗೆ ಹೇಳಿರುವ 8.5ಜೆ, 35 ಆಫ್‌ಸೆಟ್‌ನ ಚಕ್ರದ ಒಳ ಅಂಚು ಈಗಿರುವಲ್ಲೇ ಉಳಿದು, ಹೊರ ಅಂಚು ಸುಮಾರು 26 ಮಿ.ಮೀ., ಅಂದರೆ ಒಂದು ಇಂಚು ಪೂರ್ತಿ ಹೊರಗೆ ಚಾಚುತ್ತದೆ. ಮಡ್‌ಗಾರ್ಡ್‌ನ ತುಟಿಗೆ ಟೈರ್ ಸವರುವುದು ಒಂದು ತೊಂದರೆಯಾದರೆ, ಸ್ಟೀರಿಂಗ್ ತಿರುಗುವ ಅಕ್ಷಕ್ಕೂ ಟೈರಿನ ನಡುಗೆರೆಗೂ ತಯಾರಕರು ಇಟ್ಟಿದ್ದ ಅಂತರ ಕೆಟ್ಟು, ರಸ್ತೆಯ ಪ್ರತಿ ಗೀರಿಗೂ ಸ್ಟೀರಿಂಗ್ ಅತ್ತಿತ್ತ ಎಳೆಯುವುದು ಇನ್ನೊಂದು. 18 ಇಂಚಿನ, 8ಜೆ ಅಗಲದ, 45 ಆಫ್‌ಸೆಟ್‌ನ ಚಕ್ರ ತೆಗೆದುಕೊಂಡರೆ ಹೊರಕ್ಕೆ 9 ಮಿ.ಮೀ., ಒಳಕ್ಕೆ 3 ಮಿ.ಮೀ. ಮಾತ್ರ ವ್ಯತ್ಯಾಸವಾಗುತ್ತದೆ. ಒಳಸರಿದಂತೆ ಕಾಣುತ್ತದೆ ಎಂಬ ನಿಮ್ಮ ದೂರಿಗೆ ಆ 9 ಮಿ.ಮೀ. ಸಾಕು.

ಲೆಕ್ಕ ಕೂಡಿಬಂದರೂ ಒಂದು ಚಕ್ರವನ್ನಾದರೂ ಟೈರ್ ಸಮೇತ ತೊಡಿಸಿ ನೋಡದೆ ನಾಲ್ಕಕ್ಕೂ ಹಣ ಕೊಡಬೇಡಿ. ಮಕ್ಕಳ ಆಟದ ಜೇಡಿಮಣ್ಣಿನ ಚಿಕ್ಕ ಉಂಡೆಗಳನ್ನು ಬ್ರೇಕ್ ಕ್ಯಾಲಿಪರ್‌ನ (ಬ್ರೇಕ್ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಹೊರಮೈಗೆ ಅಂಟಿಸಿ, ಚಕ್ರ ಕೂರಿಸಿ, ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ ತೆಗೆಯಿರಿ. ಚಪ್ಪಟೆಯಾದ ಮಣ್ಣಿನ ದಪ್ಪವೇ ಕಡ್ಡಿಗಳಿಗೂ ಕ್ಯಾಲಿಪರ್‌ಗೂ ನಡುವಿನ ಜಾಗ. ಅದು 3 ಮಿ.ಮೀ.ಗಿಂತ ತೆಳುವಾಗಿದ್ದರೆ ನಾನು ಆ ಚಕ್ರವನ್ನು ಹಿಂದಿರುಗಿಸುತ್ತೇನೆ. ಕಾರನ್ನು ಬಾಡಿಯಿಂದ ಜ್ಯಾಕ್ ಎತ್ತಿದಾಗ ಸಸ್ಪೆನ್ಶನ್ ಜೋತು ಬಿದ್ದು ಎಲ್ಲೆಡೆ ಜಾಗ ಇರುವಂತೆ ಕಾಣುತ್ತದೆ, ಅದನ್ನು ನಂಬಬಾರದು. ಚಕ್ರಗಳು ನೆಲಕ್ಕೆ ಇಳಿದ ಮೇಲೆ, ಹಿಂದಿನ ಸೀಟಿನಲ್ಲೂ ಡಿಕ್ಕಿಯಲ್ಲೂ ಭಾರವಿರಿಸಿಕೊಂಡು, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸುತ್ತಾ ನಿಧಾನವಾಗಿ ಉಬ್ಬುತಗ್ಗು ಹಾಯಿಸಿ, ಆಮೇಲೆ ಟಾರ್ಚ್ ಹಿಡಿದು ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ನೋಡಿ. ಧೂಳು ಹಿಡಿದ ಆ ಮೈಯಲ್ಲಿ ಎಲ್ಲಾದರೂ ಒಂದು ಪಟ್ಟಿ ಮಾತ್ರ ಒರೆಸಿದಂತೆ ಕಪ್ಪಗೆ ಮಿರುಗುತ್ತಿದ್ದರೆ ಟೈರ್ ಅಲ್ಲಿ ಉಜ್ಜಿದೆ ಎಂದರ್ಥ.

ಪ್ರಶ್ನೆ: ಅಗಲದ ಟೈರ್ ನೆಲವನ್ನು ಹೆಚ್ಚು ಜಾಗದಲ್ಲಿ ಮುಟ್ಟುವುದರಿಂದ ಹಿಡಿತ ಹೆಚ್ಚಬೇಕಲ್ಲವೆ? ಚಕ್ರದ ತೂಕದ ಬಗ್ಗೆ ಕಾರುಪ್ರಿಯರು ಅಷ್ಟೊಂದು ಮಾತಾಡುವುದು ಏಕೆ?

ಉತ್ತರ: ಟೈರ್ ನೆಲವನ್ನು ಮುಟ್ಟುವ ಜಾಗವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಒಂದು ಚಕ್ರದ ಮೇಲೆ 350 ಕಿಲೋ ಭಾರವಿದ್ದು ಒತ್ತಡ 2.3 ಬಾರ್ ಇದ್ದರೆ ಆ ಜಾಗ ಸುಮಾರು 150 ಚದರ ಸೆಂ.ಮೀ., ಬೆರಳು ಸಹಿತ ಒಂದು ಅಂಗೈಯಷ್ಟು. ಟೈರ್ ಅಗಲವಾದರೆ ಈ ಅಂಗೈ ಹೆಚ್ಚೇನೂ ದೊಡ್ಡದಾಗದು. ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ತಿರುವಿನಲ್ಲಿ ಅದರಿಂದ ಲಾಭವಿದೆ, ನಿಂತ ನೀರಿನ ಮೇಲೆ ನಷ್ಟವಿದೆ, ಏಕೆಂದರೆ ಅಗಲದ ಟೈರ್ ನೀರನ್ನು ಸೀಳಿ ಪಕ್ಕಕ್ಕೆ ತಳ್ಳಲಾಗದೆ ಕಡಿಮೆ ವೇಗದಲ್ಲೇ ತೇಲತೊಡಗುತ್ತದೆ. ಹಿಡಿತ ಬೇಕೆಂದರೆ ರಬ್ಬರಿನ ಗುಣ ನೋಡಿ. ಸಾಧಾರಣ ರಬ್ಬರಿನ 245ಕ್ಕಿಂತ ಒಳ್ಳೆಯ ರಬ್ಬರಿನ 225 ಮೇಲೆಂಬುದು ನನ್ನ ಅಭಿಪ್ರಾಯ. ಚಕ್ರದಲ್ಲಿ ಉಳಿಸಿದ ಹಣವನ್ನು ಟೈರಿಗೆ ಹಾಕಿ.

ಚಕ್ರದ ತೂಕವನ್ನು ಸ್ಪ್ರಿಂಗ್ ಹೊರುವುದಿಲ್ಲ, ಅದು ಸ್ಪ್ರಿಂಗಿನ ಕೆಳಗಿರುತ್ತದೆ. ಭಾರವಾದ ಚಕ್ರ ಉಬ್ಬನ್ನು ಹತ್ತಿ ಮೇಲೆದ್ದರೆ ಬೇಗ ಕೆಳಗಿಳಿಯದು, ಅಷ್ಟು ಹೊತ್ತು ಟೈರಿಗೆ ನೆಲದ ಹಿಡಿತ ಸರಿಯಾಗಿರುವುದಿಲ್ಲ. ಮೇಲಾಗಿ ಚಕ್ರ ದೊಡ್ಡದಾದಂತೆ ಲೋಹವೆಲ್ಲ ನಡುವಿನಿಂದ ದೂರಕ್ಕೆ, ಅಂಚಿಗೆ ಸರಿಯುತ್ತದೆ; ಅದನ್ನು ತಿರುಗಿಸಲೂ ನಿಲ್ಲಿಸಲೂ ಹೆಚ್ಚು ಶಕ್ತಿ ಬೇಕು. ಅಚ್ಚಿಗೆ ಸುರಿದ ಚಕ್ರಕ್ಕಿಂತ ಫೋರ್ಜ್ ಮಾಡಿದ (ಲೋಹವನ್ನು ಭಾರೀ ಒತ್ತಡದಲ್ಲಿ ಒತ್ತಿ ರೂಪಿಸಿದ) ಚಕ್ರ ಅದೇ ಬಲಕ್ಕೆ ಹಗುರ, ಬೆಲೆಯೂ ಹಾಗೇ. ಕೊಳ್ಳುವ ಮುನ್ನ ಹಳೆಯದನ್ನೂ ಹೊಸದನ್ನೂ ತೂಗಿ ನೋಡಿ; ಜಾಹೀರಾತಿನ ತೂಕಕ್ಕಿಂತ ತಕ್ಕಡಿಯ ಮಾತು ವಾಸಿ.

ಪ್ರಶ್ನೆ: ಬೋಲ್ಟ್‌ಗಳ ಅಂತರ ಹೊಂದಿದರೆ ಸಾಕೆ?

ಉತ್ತರ: ಸಾಲದು. 5×100 (100 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟ್) ಇರುವ ಕಡೆ 5×98ರ ಚಕ್ರವನ್ನು ಒತ್ತಿ ಕೂರಿಸುವವರಿದ್ದಾರೆ. ನಟ್ಟುಗಳು ತಿರುಗಿ ಒಳಹೋದರೂ ಓರೆಯಾಗಿ ಕೂತು ಕ್ರಮೇಣ ಸಡಿಲವಾಗುತ್ತವೆ, ಇದರಲ್ಲಿ ರಾಜಿ ಬೇಡ. ಚಕ್ರದ ನಡುರಂಧ್ರವೂ ಹಬ್ಬಿನ ಅಳತೆಗೆ ಕೂರಬೇಕು. ಹಬ್ 56.1 ಮಿ.ಮೀ. ಇದ್ದು ಚಕ್ರದ ರಂಧ್ರ 73.1 ಇದ್ದರೆ ನಡುವೆ ಸರಿಯಾದ ಉಂಗುರ ಹಾಕಿಸಿ, ಇಲ್ಲವಾದರೆ ಬ್ಯಾಲೆನ್ಸಿಂಗ್ ಎಷ್ಟು ಮಾಡಿಸಿದರೂ ಸ್ಟೀರಿಂಗ್ ನಡುಗುವುದು ನಿಲ್ಲದಿರಬಹುದು. ಚಕ್ರದಲ್ಲಿ ನಟ್ ಕೂರುವ ಮೈ ಶಂಕುವಿನಾಕಾರದ್ದಾಗಿದ್ದರೆ ಅದಕ್ಕೆ ತಳ ಗುಂಡಗಿರುವ ನಟ್ ಹಾಕಬಾರದು. ಟೈರಿನ ಭಾರಸೂಚಿ ಮೂಲದ್ದಕ್ಕಿಂತ ಕಡಿಮೆಯಿರಬಾರದು: 87 ಎಂದರೆ ಒಂದು ಟೈರಿಗೆ 545 ಕಿಲೋ, 85 ಎಂದರೆ 515. ನಟ್ಟುಗಳನ್ನು ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ವ್ರೆಂಚ್‌ನಿಂದ ಬಿಗಿಸಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಪ್ರಶ್ನೆ: ಹಿಂದಿನ ಎರಡಕ್ಕೆ ಮಾತ್ರ ಅಗಲದ ಚಕ್ರ ಹಾಕಿದರೆ?

ಉತ್ತರ: ಹಿಂಬದಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ತಿರುವಿನಲ್ಲಿ ಮೂತಿ ಮೊದಲು ಹೊರಕ್ಕೆ ಜಾರತೊಡಗುತ್ತದೆ, ಸಮತೋಲವೇ ಬಂಡವಾಳವಾಗಿರುವ ಸಾಧಾರಣ ಶಕ್ತಿಯ ಕೂಪೆಗೆ ಇದು ಒಗ್ಗುವುದಿಲ್ಲ. ಹಿಂದಿನ ಟೈರುಗಳು ಬೇಗ ಸವೆದಾಗ ಮುಂದಿನವುಗಳೊಡನೆ ಅದಲುಬದಲು ಮಾಡುವ ಅವಕಾಶವೂ ಹೋಗುತ್ತದೆ. ನಾಲ್ಕೂ ಒಂದೇ ಅಳತೆಯವು ಇರಲಿ.