249 ಗ್ರಾಂ ಡ್ರೋನಿಗೂ ನೋಂದಣಿ ಬೇಕೆ?

ಪ್ರಶ್ನೆ: ವಿದೇಶದಲ್ಲಿರುವ ನಮ್ಮ ಭಾವ ರಜೆಗೆ ಬರುವಾಗ ನನಗೊಂದು ಡ್ರೋನ್ ತರುವುದಾಗಿ ಹೇಳಿದ್ದಾರೆ. ತೂಕ 249 ಗ್ರಾಂ ಆದ್ದರಿಂದ ಅದಕ್ಕೆ ಯಾವ ನಿಯಮವೂ ಇಲ್ಲವೆಂದು ಗೆಳೆಯರು ಹೇಳುತ್ತಾರೆ. ಕೊಂಡಜ್ಜಿ ಕೆರೆಯ ಬಳಿ ಮತ್ತು ಚಿತ್ರದುರ್ಗದ ಕೋಟೆಯಲ್ಲಿ ಅದನ್ನು ಹಾರಿಸಬಹುದೇ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲು ನಿಮ್ಮ ಭಾವನವರಿಗೆ ಫೋನ್ ಮಾಡಿ, ಡ್ರೋನ್ ತರುವುದು ಬೇಡವೆಂದು ತಿಳಿಸಿ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳನ್ನು ಬಿಟ್ಟರೆ ವಿದೇಶಿ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿ 9ರಂದೇ ನಿಷೇಧಿಸಿದೆ. ಉಡುಗೊರೆಯಾಗಿ ತಂದರೂ ಕಸ್ಟಮ್ಸ್‌ನವರು ಅದನ್ನು ವಶಪಡಿಸಿಕೊಳ್ಳಬಹುದು. ಇಲ್ಲಿಯೇ ತಯಾರಾದುದನ್ನು ಬಿಲ್ ಸಹಿತ ಕೊಳ್ಳುವುದು ಕ್ಷೇಮ.

ಗೆಳೆಯರು ಹೇಳಿದ್ದು ಅರ್ಧ ಸತ್ಯ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೊ. ನ್ಯಾನೊ ಹಾರಿಸಲು ಪೈಲಟ್ ಪ್ರಮಾಣಪತ್ರವಾಗಲಿ, ಮೂರನೇ ವ್ಯಕ್ತಿಯ ವಿಮೆಯಾಗಲಿ ಬೇಕಿಲ್ಲ. ಆದರೆ ನೂರು ರೂಪಾಯಿ ಶುಲ್ಕ ಕಟ್ಟಿ, ಆನ್‌ಲೈನ್‌ನಲ್ಲಿ ನೋಂದಾಯಿಸಿ, ವಿಶಿಷ್ಟ ಗುರುತಿನ ಸಂಖ್ಯೆ ಪಡೆಯುವುದರಿಂದ ಅದಕ್ಕೂ ವಿನಾಯಿತಿಯಿಲ್ಲ. ಲೆಕ್ಕಕ್ಕೆ ಬರುವುದು ಡಬ್ಬಿಯ ಮೇಲೆ ಅಚ್ಚಾದ ತೂಕವಲ್ಲ, ಹಾರುವಾಗಿನ ಒಟ್ಟು ತೂಕ ಎಂಬುದನ್ನೂ ಗಮನಿಸಬೇಕು. ರೆಕ್ಕೆಗೆ ಪ್ಲಾಸ್ಟಿಕ್ ಗಾರ್ಡ್ ಸಿಕ್ಕಿಸಿದರೆ ಅಥವಾ ಹೆಚ್ಚು ಹೊತ್ತು ಬರುವ ದಪ್ಪ ಬ್ಯಾಟರಿ ಹಾಕಿದರೆ 249 ಗ್ರಾಂನ ಡ್ರೋನ್ ಮೈಕ್ರೊ ಆಗಿಬಿಡುತ್ತದೆ, ವಿಮೆ ಕಡ್ಡಾಯವಾಗುತ್ತದೆ.

ಇನ್ನು ಸ್ಥಳದ ಮಾತು. ಹಾರಿಸುವ ದಿನವೇ, ಡ್ರೋನ್‌ಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆ ನೋಡಿ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಅನುಮತಿ ಬೇಕಿಲ್ಲ. ಹಳದಿಗೆ ವಾಯು ಸಂಚಾರ ನಿಯಂತ್ರಕರ, ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಕೊಂಡಜ್ಜಿ ಹಸಿರಾಗಿ ಕಂಡರೂ ಜಾತ್ರೆ, ಗಣ್ಯರ ಭೇಟಿಗಳಂಥ ಸಂದರ್ಭದಲ್ಲಿ ಪೊಲೀಸರು ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿರುವುದರಿಂದ ಆ ಕಡೆಗಂತೂ ಹೋಗಲೇಬೇಡಿ.

ಕೋಟೆಯ ವಿಷಯ ಬೇರೆ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ, ನಕ್ಷೆಯ ಬಣ್ಣ ಏನೇ ಇರಲಿ, ಡ್ರೋನ್ ಚಿತ್ರೀಕರಣಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು; ಪ್ರವೇಶದ ಟಿಕೆಟ್ ಆ ಅನುಮತಿಯಲ್ಲ. ಅನುಮತಿ ಸಿಕ್ಕರೂ ಅಲ್ಲಿನ ಹೆಬ್ಬಂಡೆಗಳ ಮರೆಗೆ ಹೋದ ಡ್ರೋನ್ ಕಣ್ಣಿಗೂ ಕಾಣದು, ರಿಮೋಟಿಗೂ ಸಿಗದು. ಹವ್ಯಾಸಿಗಳು ಅದನ್ನು ಸದಾ ಕಣ್ಣಳತೆಯಲ್ಲಿಯೇ ಇಟ್ಟುಕೊಳ್ಳಬೇಕು.

ಪ್ರಶ್ನೆ: ನನ್ನ ಬಳಿ ಮುಕ್ಕಾಲು ಕಿಲೋ ತೂಕದ, ನೋಂದಾಯಿತ ಡ್ರೋನ್ ಇದೆ. ಪರಿಚಯದವರು ತಮ್ಮ ಮನೆಯ ಮದುವೆಯ ಚಿತ್ರೀಕರಣಕ್ಕೆ ಕರೆದಿದ್ದಾರೆ, ಹಣವನ್ನೂ ಕೊಡುತ್ತಾರಂತೆ. ಒಪ್ಪಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಪೈಲಟ್ ಪ್ರಮಾಣಪತ್ರವಿಲ್ಲದೆ ಒಪ್ಪಬೇಡಿ. ನಿಮ್ಮದರಂಥ ಮೈಕ್ರೊ ಡ್ರೋನಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇರುವುದು ವಾಣಿಜ್ಯೇತರ ಬಳಕೆಗೆ ಮಾತ್ರ. ಹತ್ತನೇ ತರಗತಿ ಪಾಸಾದ, 18ರಿಂದ 65 ವರ್ಷದೊಳಗಿನವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಿಗುವ ಪೈಲಟ್ ಪ್ರಮಾಣಪತ್ರ ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ. ನಿಯಮ ಮೀರಿದರೆ ದಂಡ ಒಂದು ಲಕ್ಷ ರೂಪಾಯಿಯವರೆಗೂ ಆಗಬಹುದು.